ಹ್ಯಾಲೋವೀನ್ ಎಲ್ಲಿಂದ ಬಂತು, ಏನೇನು ಮಾಡುತ್ತಾರೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಬ್ಲಿನ್‌ಗೆ ಬಂದು ಹಲವು ವರ್ಷವಾಯಿತು. ಅಕ್ಟೋಬರ್ ಬಂತೆಂದರೆ ಸಾಕು, ಊರಿನಿಂದ ಅಕ್ಕನ ಮಕ್ಕಳು, ಇಲ್ಲಿಗೆ ಹೊಸದಾಗಿ ಬಂದ ಕನ್ನಡದ ಮನೆಯವರು, ಅಮೆರಿಕದಲ್ಲಿರುವ ಗೆಳೆಯರು ಈ ಹಬ್ಬದ ಬಗ್ಗೆ ಏನಾದರೊಂದು ಕೇಳುತ್ತಾರೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ತೊಡಕಿನದು ಆಮೇಲೆ. ಈ ಹಬ್ಬದ ಬಗ್ಗೆ ಬಾಯಿಂದ ಬಾಯಿಗೆ ಓಡಾಡುವ ಕಥೆಗಳು ಜಾಸ್ತಿ, ಗಟ್ಟಿ ದಾಖಲೆ ಕಡಿಮೆ. ಕಥೆಯನ್ನು ಕಥೆ ಅಂತಲೇ, ದಾಖಲೆಯನ್ನು ದಾಖಲೆ ಅಂತಲೇ ಹೇಳಬೇಕು ಎಂಬುದು ನನ್ನ ಆಸೆ.

## ಮೊದಲ ಪರಿಚಯ

ಹ್ಯಾಲೋವೀನ್ ಅಂದ್ರೆ ಏನು? ಯಾವತ್ತು ಬರುತ್ತೆ?

ಪ್ರತಿ ವರ್ಷ ಅಕ್ಟೋಬರ್ 31ರ ರಾತ್ರಿ. ತಿಥಿ ನೋಡಬೇಕಿಲ್ಲ, ತಾರೀಕು ಬದಲಾಗುವುದಿಲ್ಲ. ಮಕ್ಕಳು ವೇಷ ಹಾಕಿಕೊಂಡು ಮನೆ ಮನೆಗೆ ಹೋಗಿ ಸಿಹಿ ಕೇಳುತ್ತಾರೆ. ಮನೆ ಮುಂದೆ ಕೆತ್ತಿದ ಕುಂಬಳಕಾಯಿಯೊಳಗೆ ದೀಪ ಉರಿಯುತ್ತದೆ. ದೆವ್ವ, ಮಾಟಗಾತಿ, ಅಸ್ಥಿಪಂಜರ ಇವೆಲ್ಲ ಆ ರಾತ್ರಿಯ ಗುರುತು. ಐರ್ಲೆಂಡ್‌ನಲ್ಲಿ ಶಾಲೆಗಳಿಗೆ ಆ ವಾರ ರಜೆ. ಅಕ್ಟೋಬರ್‌ನ ಕೊನೇ ಸೋಮವಾರ ಎಲ್ಲರಿಗೂ ರಜೆ.

ಅದರ ಮಾರನೇ ದಿನವೇ ನಮ್ಮ ರಾಜ್ಯೋತ್ಸವ. ಹಾಗಾಗಿ ಇಲ್ಲಿನ ಕನ್ನಡದ ಮಕ್ಕಳಿಗೆ ಒಂದು ರಾತ್ರಿ ದೆವ್ವದ ಬಟ್ಟೆ, ಬೆಳಗಾದರೆ ಹಳದಿ ಕೆಂಪು ಶಾಲು.

ಹೆಸರಿನ ಅರ್ಥ ಏನು?

ಹಳೆಯ ಇಂಗ್ಲಿಷಿನಲ್ಲಿ 'ಹ್ಯಾಲೋ' ಅಂದರೆ ಸಂತ. 'ಈವನ್' ಅಂದರೆ ಸಂಜೆ, ಹಿಂದಿನ ದಿನದ ರಾತ್ರಿ. ನವೆಂಬರ್ 1 ಕ್ರೈಸ್ತರಿಗೆ ಎಲ್ಲ ಸಂತರ ಹಬ್ಬ. ಅದರ ಹಿಂದಿನ ಸಂಜೆಯ ಹೆಸರು ಜನರ ಬಾಯಲ್ಲಿ ಸವೆದು ಹ್ಯಾಲೋವೀನ್ ಆಯಿತು. ಈ ರೂಪ ಬಂದದ್ದು ಸ್ಕಾಟ್ಲೆಂಡ್ ಕಡೆಯ ಮಾತಿನಿಂದ. ಅಂದರೆ ಹೆಸರು ಪೂರಾ ಕ್ರೈಸ್ತರದು, ಅದರಲ್ಲಿ ದೆವ್ವದ ಸುಳಿವೇ ಇಲ್ಲ.

ಇದು ಅಮೆರಿಕದ ಹಬ್ಬ ಅಲ್ವಾ?

ಸಿನಿಮಾ ನೋಡಿ ಬೆಳೆದ ನಾವೆಲ್ಲ ಹಾಗೇ ಅಂದುಕೊಂಡಿದ್ದೆವು. ಇದರ ತವರು ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್. 1845ರಿಂದ ಐರ್ಲೆಂಡ್‌ನಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಭಯಂಕರ ಬರ ಬಂತು. ಸುಮಾರು ಹತ್ತು ಲಕ್ಷ ಜನ ಸತ್ತರು. ಅದಕ್ಕಿಂತ ಜಾಸ್ತಿ ಜನ ಹಡಗು ಹತ್ತಿ ದೇಶ ಬಿಟ್ಟರು, ಅವರಲ್ಲಿ ಹೆಚ್ಚಿನವರು ಉತ್ತರ ಅಮೆರಿಕ ಸೇರಿದರು. ಕೈಯಲ್ಲಿ ಕಾಸಿಲ್ಲದೆ ಹೋದವರು ಹಬ್ಬವನ್ನು ಮಾತ್ರ ಜೊತೆಗೆ ಒಯ್ದರು. ಸ್ಕಾಟ್ಲೆಂಡ್‌ನಿಂದ ಹೋದವರೂ ಅಷ್ಟೇ. ಅಲ್ಲಿ ಅದು ದೊಡ್ಡದಾಗಿ ಬೆಳೆದು, ಸಿನಿಮಾ ಟೀವಿಯ ಮೂಲಕ ಮತ್ತೆ ಇಲ್ಲಿಗೇ ಬಂತು. ಇಂದು ಡಬ್ಲಿನ್ ಅಂಗಡಿಯಲ್ಲಿ ಕಾಣುವ ಕಿತ್ತಳೆ ಬಣ್ಣದ ಕುಂಬಳಕಾಯಿ ಹೀಗೆ ಸುತ್ತಿ ಬಂದದ್ದು.

ಕುಂಬಳಕಾಯಿಗೆ ಯಾಕೆ ಮುಖ ಕೆತ್ತುತ್ತಾರೆ?

ಮೊದಲು ಕೆತ್ತುತ್ತಿದ್ದದ್ದು ಟರ್ನಿಪ್ ಗಡ್ಡೆಯನ್ನು. ಅದು ಕಲ್ಲಿನ ಹಾಗೆ ಗಟ್ಟಿ, ಒಳಗೆ ತೋಡುವಷ್ಟರಲ್ಲಿ ಕೈ ಸೋಲುತ್ತದೆ. ಕೌಂಟಿ ಅಂದರೆ ಇಲ್ಲಿನ ಜಿಲ್ಲೆ; ಕೌಂಟಿ ಮೇಯೋದ ಟರ್ಲೋ ಪಾರ್ಕ್‌ನಲ್ಲಿ ಹಳ್ಳಿ ಬದುಕಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಇದೆ. ಅಲ್ಲಿ ಡೊನೆಗಾಲ್ ಕಡೆಯ ಅಂಥ ಒಂದು ಹಳೇ ಗಡ್ಡೆಯ ಅಚ್ಚು ಇಟ್ಟಿದ್ದಾರೆ. ಸುಕ್ಕುಗಟ್ಟಿದ ಮುಖ, ಮುರುಕಲು ಹಲ್ಲು, ಕುಳಿಬಿದ್ದ ಕಣ್ಣು. ಅದನ್ನು ನೋಡಿದ ಮೇಲೆ ಕುಂಬಳಕಾಯಿ ಮುಖ ನನಗೆ ಮಗುವಿನ ಮುಖದ ಹಾಗೆ ಕಾಣುತ್ತದೆ.

ವಲಸೆ ಹೋದವರಿಗೆ ಅಮೆರಿಕದಲ್ಲಿ ದೊಡ್ಡ ಸಿಹಿಗುಂಬಳ ಸಿಕ್ಕಿತು. ಮೆತ್ತಗೆ, ಒಳಗೆ ಟೊಳ್ಳು, ಕೆತ್ತಲು ಸುಲಭ. ಸಿಹಿಗುಂಬಳದ ಮೂಲವೇ ಅಮೆರಿಕ ಖಂಡ. ನಮ್ಮಲ್ಲಿ ಕೆಲವು ಕಡೆ ಚೀನಿಕಾಯಿ ಅನ್ನುವುದೂ ಇದನ್ನೇ. ಆಯುಧಪೂಜೆಗೆ ಕುಂಕುಮ ತುಂಬಿ ಒಡೆಯುವ ಬೂದುಗುಂಬಳ ಬೇರೆ ಜಾತಿ, ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಈ ದೀಪಕ್ಕೆ ಒಂದು ಕಥೆ ಇದೆ. ಜ್ಯಾಕ್ ಎಂಬ ಜಿಪುಣ ಕುಡುಕ ಸೈತಾನನಿಗೇ ಮೋಸ ಮಾಡಿ, 'ನಿನ್ನ ಆತ್ಮವನ್ನು ನಾನು ಒಯ್ಯುವುದಿಲ್ಲ' ಎಂದು ಮಾತು ತೆಗೆದುಕೊಂಡ. ಸತ್ತ ಮೇಲೆ ಸ್ವರ್ಗದಲ್ಲಿ ಬಾಗಿಲು ಹಾಕಿದರು. ನರಕದವನು ಕೊಟ್ಟ ಮಾತಿಗೆ ತಪ್ಪಲಿಲ್ಲ, ಒಳಗೆ ಬಿಡಲಿಲ್ಲ. ಕತ್ತಲಲ್ಲಿ ನಡೆಯಲು ಒಂದು ಕೆಂಡ ಮಾತ್ರ ಎಸೆದ. ಜ್ಯಾಕ್ ಅದನ್ನು ಟರ್ನಿಪ್ ಒಳಗಿಟ್ಟುಕೊಂಡು ಇನ್ನೂ ಅಲೆಯುತ್ತಿದ್ದಾನಂತೆ. 'ಜ್ಯಾಕ್ ಓ ಲ್ಯಾಂಟರ್ನ್' ಎಂಬ ಹೆಸರನ್ನು ಇಂಗ್ಲೆಂಡಿನಲ್ಲಿ ಜೌಗು ನೆಲದ ಮೇಲೆ ರಾತ್ರಿ ಮಿಣುಕುವ ಬೆಳಕಿಗೆ ಹೇಳುತ್ತಿದ್ದರು. ನಮ್ಮ ಕೊಳ್ಳಿದೆವ್ವ ಅಂದರೆ ಅದೇ.

## ಬೇರಿನ ಕಡೆಗೆ

ಸಾವಿನ್ ಅಂತ ಒಂದು ಹಳೇ ಹಬ್ಬ ಇತ್ತಂತೆ, ಅದೇನು?

ಹೌದು. ಐರಿಷ್ ಭಾಷೆಯಲ್ಲಿ ಬರೆಯುವುದು ಬೇರೆ ಥರ, ಹೇಳುವುದು ಸುಮಾರಾಗಿ 'ಸಾವಿನ್' ಎಂದು. ಕನ್ನಡದವರು ಕೇಳಿದ ಕೂಡಲೇ ಸಾವಿನ ಹಬ್ಬ ಅಂದುಕೊಳ್ಳುತ್ತಾರೆ. ನಮ್ಮ 'ಸಾವು' ಪದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ. ಹಳಬರು ಇದಕ್ಕೆ 'ಬೇಸಿಗೆಯ ಕೊನೆ' ಎಂದು ಅರ್ಥ ಹೇಳುತ್ತಿದ್ದರು. ಇಂದಿಗೂ ಐರಿಷ್ ಭಾಷೆಯಲ್ಲಿ ನವೆಂಬರ್ ತಿಂಗಳ ಹೆಸರು ಅದೇ.

ಹಳೆಯ ಐರ್ಲೆಂಡ್‌ನಲ್ಲಿ ವರ್ಷವನ್ನು ನಾಲ್ಕು ಬಾಗಿಲುಗಳಾಗಿ ಮಾಡಿದ್ದರು. ಫೆಬ್ರವರಿ 1, ಮೇ 1, ಆಗಸ್ಟ್ 1, ನವೆಂಬರ್ 1. ದಿನ ಶುರುವಾಗುತ್ತಿದ್ದದ್ದು ಸೂರ್ಯ ಮುಳುಗಿದಾಗ. ಅದಕ್ಕೇ ನವೆಂಬರ್ 1ರ ಹಬ್ಬ ಅಕ್ಟೋಬರ್ 31ರ ಸಂಜೆಯೇ ಶುರು.

ಇದು ದನ ಸಾಕುವವರ ಲೆಕ್ಕ. ಮೇ ತಿಂಗಳಲ್ಲಿ ಗುಡ್ಡಕ್ಕೆ ಮೇಯಲು ಬಿಟ್ಟ ದನಗಳನ್ನು ಈಗ ಕೆಳಗೆ ಹೊಡೆದುಕೊಂಡು ಬರುತ್ತಿದ್ದರು. ಚಳಿಗಾಲಕ್ಕೆ ಎಷ್ಟು ದನಕ್ಕೆ ಮೇವು ಸಾಲುತ್ತದೋ ಅಷ್ಟನ್ನು ಉಳಿಸಿಕೊಂಡು ಉಳಿದವನ್ನು ಕಡಿಯುತ್ತಿದ್ದರು. ಕೊಯ್ಲು ಮುಗಿದಿರಬೇಕು. ಆ ರಾತ್ರಿ ದಾಟಿದ ಮೇಲೆ ಪೊದೆಯಲ್ಲಿ ಉಳಿದ ಬ್ಲ್ಯಾಕ್‌ಬೆರಿ ಹಣ್ಣನ್ನು ಯಾರೂ ತಿನ್ನಬಾರದು, ಪೂಕಾ ಎಂಬ ಮಾಯಾವಿ ಅದರ ಮೇಲೆ ಉಗುಳಿರುತ್ತಾನೆ ಎಂದು ಹಳ್ಳಿಯ ಅಜ್ಜಿಯರು ಮಕ್ಕಳಿಗೆ ಹೇಳುತ್ತಿದ್ದರು. ಚಳಿಗೆ ಆ ಹಣ್ಣು ಆ ಹೊತ್ತಿಗೆ ಕೆಟ್ಟಿರುವುದೂ ನಿಜ.

ಬೇಸಿಗೆಗೂ ಚಳಿಗಾಲಕ್ಕೂ ನಡುವಿನ ಈ ರಾತ್ರಿ ಯಾವ ಕಡೆಗೂ ಸೇರದ್ದು. ಹಾಗಾಗಿ ನೆಲದ ದಿಬ್ಬಗಳೊಳಗೆ ವಾಸಿಸುವ 'ಈಸ್ ಶೀ' ಎಂಬ ಮಾಯಾ ಜನ ಆಗ ಹೊರಗೆ ಬರುತ್ತಾರೆ, ಸತ್ತವರೂ ಮನೆಗೆ ಬರುತ್ತಾರೆ ಎಂದು ನಂಬಿದ್ದರು. ಸತ್ತವರಿಗೆ ಒಲೆಯ ಹತ್ತಿರ ಜಾಗ ಬಿಟ್ಟು ಊಟ ಇಡುವ ಮನೆಗಳಿದ್ದವು.

ಸಾವಿನ್ ಅನ್ನೋದು ಸಾವಿನ ದೇವರು, ನರಬಲಿ ಕೊಡ್ತಿದ್ರು ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ನಿಜಾನಾ?

ಆ ಹೆಸರಿನ ದೇವರು ಇದ್ದದ್ದೇ ಇಲ್ಲ. ಇದನ್ನು ದೇವರ ಹೆಸರು ಮಾಡಿದವನು 18ನೇ ಶತಮಾನದ ವ್ಯಾಲೆನ್ಸಿ ಎಂಬ ಬ್ರಿಟಿಷ್ ಸೇನೆಯ ಇಂಜಿನಿಯರ್. ಐರಿಷ್ ಪದಗಳಿಗೆ ಪೂರ್ವದೇಶಗಳ ಮೂಲ ಹುಡುಕುವುದು ಅವನ ಗೀಳು. ಅವನ ತಪ್ಪನ್ನು ಆಮೇಲಿನವರು ನೋಡಿ ನೋಡಿ ಬರೆದರು, ಈಗ ಫಾರ್ವರ್ಡ್ ಮಾಡುತ್ತಾರೆ.

ಬಲಿಯ ವಿಷಯ ಸ್ವಲ್ಪ ಜಟಿಲ. ಹಿಂದೆ ಸಾವಿನ್ ಹೊತ್ತಿಗೆ ಮಕ್ಕಳನ್ನು ಕಪ್ಪವಾಗಿ ಕೊಡಬೇಕಿತ್ತು ಎಂಬ ಕಥೆಗಳು ಹಳೇ ಐರಿಷ್ ಬರಹಗಳಲ್ಲಿವೆ. ಅವನ್ನು ಬರೆದವರು ಕ್ರೈಸ್ತ ಸನ್ಯಾಸಿಗಳು, ಆ ಕಾಲ ಕಳೆದು ಎಷ್ಟೋ ನೂರು ವರ್ಷದ ಮೇಲೆ. ಡ್ರೂಯಿಡ್ ಎಂಬ ಹಳೇ ಪೂಜಾರಿಗಳು ತಮ್ಮ ಕೈಯಾರೆ ಏನನ್ನೂ ಬರೆದಿಟ್ಟಿಲ್ಲ. ಕೌಂಟಿ ಮೀತ್‌ನ ಟ್ಲಾಖ್ಟ್‌ಗಾ ಗುಡ್ಡದಲ್ಲಿ ಆ ರಾತ್ರಿ ಬೆಂಕಿ ಹಚ್ಚಿ, ಇಡೀ ದೇಶದ ಒಲೆಗಳನ್ನು ಅದರಿಂದಲೇ ಹೊತ್ತಿಸುತ್ತಿದ್ದರು ಎಂಬ ಸುಂದರವಾದ ಮಾತಿದೆ. ಅದನ್ನು ಹಾಗೆ ಬರೆದದ್ದು 17ನೇ ಶತಮಾನದ ಜೆಫ್ರಿ ಕೀಟಿಂಗ್. ಹಾಗಂತ ಎಲ್ಲ ಸುಳ್ಳು ಎನ್ನುವುದೂ ಸರಿಯಲ್ಲ. ತಾರಾ ಗುಡ್ಡದ ಮೇಲೆ ಐದು ಸಾವಿರ ವರ್ಷ ಹಳೆಯ ಒಂದು ಸಮಾಧಿ ದಿಬ್ಬ ಇದೆ. ಸಾವಿನ್ ಆಸುಪಾಸಿನ ದಿನಗಳಲ್ಲಿ ಹುಟ್ಟುವ ಸೂರ್ಯನ ಬೆಳಕು ನೇರ ಅದರ ಒಳಕ್ಕೆ ಬೀಳುತ್ತದೆ. ಕಟ್ಟಿದವರ ಮನಸ್ಸಿನಲ್ಲಿ ಏನಿತ್ತೋ, ವರ್ಷದ ಈ ಹೊತ್ತಿನ ಮೇಲೆ ಈ ನೆಲದ ಜನ ಬಹಳ ಹಿಂದಿನಿಂದಲೇ ಕಣ್ಣಿಟ್ಟಿದ್ದರು.

ಚರ್ಚಿನವರು ಈ ಹಬ್ಬವನ್ನ ಕದ್ದು ತಮ್ಮದು ಮಾಡ್ಕೊಂಡ್ರಾ?

ಇದನ್ನು ತುಂಬಾ ಜನ ಖಡಾಖಂಡಿತವಾಗಿ ಹೇಳುತ್ತಾರೆ. ತಾರೀಕುಗಳನ್ನು ಸಾಲಾಗಿ ಇಟ್ಟು ನೋಡಿದರೆ ಅಷ್ಟು ಸಲೀಸಲ್ಲ.

7ನೇ ಶತಮಾನದ ಮೊದಲಲ್ಲಿ ಪೋಪ್ 4ನೇ ಬಾನಿಫೇಸ್ ರೋಮಿನ ಪ್ಯಾಂಥಿಯನ್ ಗುಡಿಯನ್ನು ಚರ್ಚ್ ಮಾಡಿ ಹುತಾತ್ಮರಿಗೆಲ್ಲ ಅರ್ಪಿಸಿದ. ಅದು ಮೇ 13ರಂದು. 8ನೇ ಶತಮಾನದಲ್ಲಿ 3ನೇ ಗ್ರೆಗರಿ ರೋಮ್‌ನಲ್ಲಿ ಎಲ್ಲ ಸಂತರಿಗೂ ಒಂದು ಪ್ರಾರ್ಥನಾ ಕೋಣೆ ಕಟ್ಟಿಸಿದ. ಸುಮಾರು 800ರ ಹೊತ್ತಿಗೆ ಇಂಗ್ಲೆಂಡ್ ಮತ್ತು ಜರ್ಮನಿಯ ಕೆಲವು ಚರ್ಚುಗಳಲ್ಲಿ ನವೆಂಬರ್ 1ರ ಆಚರಣೆ ಕಾಣುತ್ತದೆ. 835ರಲ್ಲಿ ಈಗಿನ ಫ್ರಾನ್ಸ್, ಜರ್ಮನಿ ಕಡೆಯ ಫ್ರಾಂಕ್ ರಾಜ್ಯದಲ್ಲೆಲ್ಲ ಅದೇ ದಿನ ಗಟ್ಟಿಯಾಯಿತು. ಅದೇ ಕಾಲದ ಐರ್ಲೆಂಡ್‌ನ ಚರ್ಚ್ ಮಾತ್ರ ಸಂತರ ಹಬ್ಬವನ್ನು ಏಪ್ರಿಲ್ 20ಕ್ಕೆ ಇಟ್ಟಿತ್ತು! ಸಾವಿನ್ ಇದ್ದ ನಾಡಿನವರೇ ಸಂತರನ್ನು ಬೇರೆ ದಿನ ನೆನೆಯುತ್ತಿದ್ದರೆ, ಸಾವಿನ್ ಅಳಿಸಲೆಂದೇ ನವೆಂಬರ್ 1 ಆರಿಸಿದರು ಅನ್ನುವುದು ಹೇಗೆ? ಬ್ರಿಟನ್ನಿನ ಇತಿಹಾಸಕಾರ ರೊನಾಲ್ಡ್ ಹಟನ್ ಈ ತೊಡಕನ್ನು ಎತ್ತಿ ತೋರಿಸಿದ್ದಾರೆ. ನನಗೂ ಅವರ ಮಾತೇ ಸರಿ ಅನ್ನಿಸುತ್ತದೆ. ಎರಡು ಹಬ್ಬ ಒಂದೇ ದಿನಕ್ಕೆ ಬಂದು ಕೂತವು, ಜನ ಎರಡನ್ನೂ ಬಿಡದೆ ಬೆರೆಸಿಕೊಂಡರು.

ನವೆಂಬರ್ 2 ಸತ್ತವರಿಗಾಗಿ ಪ್ರಾರ್ಥಿಸುವ ದಿನ. ಫ್ರಾನ್ಸಿನ ಕ್ಲೂನಿ ಮಠದ ಓಡಿಲೋ ಸುಮಾರು 1000ನೇ ಇಸವಿಯ ಆಸುಪಾಸಿನಲ್ಲಿ ಇದನ್ನು ಶುರು ಮಾಡಿಸಿದರು. ಮಂಗಳೂರು, ಬೆಂಗಳೂರಿನ ಕ್ಯಾಥೊಲಿಕ್ ಮನೆಯವರು ಆ ದಿನ ಸಮಾಧಿಗೆ ಹೋಗಿ ಹೂವು, ಮೇಣದಬತ್ತಿ ಇಡುವುದನ್ನು ನೀವೂ ನೋಡಿರಬಹುದು.

ನಮ್ಮ ಮಹಾಲಯ ಅಮಾವಾಸ್ಯೆ ಥರಾನೇ ಅಲ್ವಾ ಇದು?

ನನ್ನ ಅಮ್ಮ ಮೊದಲು ಕೇಳಿದ್ದೇ ಇದನ್ನು. ಹಿರಿಯರಿಗೆ ಎಡೆ ಇಡುವುದು, ಅವರು ಬಂದು ಉಣ್ಣುತ್ತಾರೆ ಎಂಬ ನಂಬಿಕೆ, ಮಳೆಗಾಲ ಕಳೆದ ಹೊತ್ತು, ಇಷ್ಟು ಹತ್ತಿರ ಇದೆ. ಆದರೆ ಒಂದರಿಂದ ಇನ್ನೊಂದು ಹುಟ್ಟಿಲ್ಲ. ಹಿರಿಯರ ಹಬ್ಬದಲ್ಲಿ ನಾವು ನೆನೆಯುವುದು ನಮ್ಮ ಮನೆಯವರನ್ನು, ಹೆಸರು ಹೇಳಿ. ಸಾವಿನ್ ರಾತ್ರಿಯಲ್ಲಿ ಮನೆಯ ಸತ್ತವರ ಜೊತೆ ಗುರುತಿಲ್ಲದವರೂ, ಮನುಷ್ಯರೇ ಅಲ್ಲದವರೂ ತಿರುಗುತ್ತಾರೆ. ಅದಕ್ಕೇ ಅಲ್ಲಿ ಪ್ರೀತಿಯ ಜೊತೆ ಹೆದರಿಕೆಯೂ ಇದೆ, ಮುಖ ಮರೆಸಿಕೊಳ್ಳುವ ವೇಷವೂ ಇದೆ.

ರೂಪದಲ್ಲಿ ಇನ್ನೂ ಹತ್ತಿರ ಅನ್ನಿಸುವುದು ಮಲೆನಾಡಿನ ಅಂಟಿಗೆ ಪಂಟಿಗೆ. ದೀಪಾವಳಿ ರಾತ್ರಿ ದೀಪ ಹಿಡಿದು ಹಾಡುತ್ತಾ ಮನೆ ಮನೆಗೆ ಬರುತ್ತಾರಲ್ಲ, ಬಂದವರಿಗೆ ಅಕ್ಕಿ, ಕಾಯಿ, ದುಡ್ಡು ಕೊಡುತ್ತೇವಲ್ಲ, ಅದು.

## ಆಚರಣೆಗಳು

ಮನೆ ಮನೆಗೆ ಹೋಗಿ ಕೇಳೋದು ಹೇಗೆ ಶುರುವಾಯ್ತು?

ಇದಕ್ಕೆ ಎರಡು ಹಳೆಯ ದಾರಿ. ಒಂದು, ಮಧ್ಯಯುಗದ ಇಂಗ್ಲೆಂಡಿನದು. ಬಡವರು ಮನೆ ಬಾಗಿಲಿಗೆ ಬಂದು 'ನಿಮ್ಮ ಸತ್ತವರಿಗಾಗಿ ಪ್ರಾರ್ಥಿಸುತ್ತೇವೆ' ಅನ್ನುತ್ತಿದ್ದರು. ಮನೆಯವರು ಅವರಿಗೆ 'ಸೋಲ್ ಕೇಕ್' ಎಂಬ ಸಣ್ಣ ಬಿಲ್ಲೆ ಕೊಡುತ್ತಿದ್ದರು. ಇನ್ನೊಂದು, ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್‌ನದು. ವೇಷ ಹಾಕಿ ಹೋಗಿ ಒಂದು ಹಾಡು, ಪದ್ಯ, ಕುಣಿತ ಏನಾದರೂ ತೋರಿಸಿ ಸೇಬು, ಕಾಯಿಬೀಜ, ಕಾಸು ಪಡೆಯುವುದು. ಸ್ಕಾಟ್ಲೆಂಡ್‌ನಲ್ಲಿ ಇದಕ್ಕೆ 'ಗೈಸಿಂಗ್' ಅನ್ನುತ್ತಾರೆ. ಕೌಂಟಿ ಕಾರ್ಕ್‌ನಲ್ಲಿ 19ನೇ ಶತಮಾನದಲ್ಲಿ ಒಬ್ಬ ಬಿಳಿ ಬಟ್ಟೆ ಹೊದ್ದು 'ಬಿಳಿ ಕುದುರೆ'ಯಾಗಿ ಮುಂದೆ ನಡೆದರೆ ಉಳಿದವರು ಕೊಂಬು ಊದುತ್ತಾ ಹಿಂದೆ ಬರುತ್ತಿದ್ದರು.

ಎರಡರಲ್ಲೂ ಬೇಡುವವರು ಬರಿಗೈಯಲ್ಲಿ ಬರುತ್ತಿರಲಿಲ್ಲ, ಪ್ರಾರ್ಥನೆಯನ್ನೋ ಹಾಡನ್ನೋ ತರುತ್ತಿದ್ದರು ಎಂಬುದು ನನಗೆ ಬಹಳ ಇಷ್ಟ. ನಮ್ಮ ಬಾಗಿಲಿಗೆ ಬರುವ ಮಕ್ಕಳನ್ನು ಒಂದು ಹಾಡು ಹೇಳಿ ಅನ್ನುತ್ತೇನೆ. ಹೇಳುತ್ತಾರೆ!

'ಟ್ರಿಕ್ ಆರ್ ಟ್ರೀಟ್' ಅಂದ್ರೆ ಹೆದರಿಸಿ ಕೇಳೋದಾ?

ಮಾತಿನ ಅರ್ಥ ಹಾಗೇ ಇದೆ: ಸಿಹಿ ಕೊಡಿ, ಇಲ್ಲಾಂದ್ರೆ ಕೀಟಲೆ. ಹಬ್ಬದ ಹೆಸರಲ್ಲಿ ಕೀಟಲೆ ಮಾಡುವುದು ಹಳೆಯದು. ಗೇಟು ಕಿತ್ತು ಒಯ್ಯುವುದು, ಗಾಡಿಯನ್ನು ಚಾವಣಿ ಮೇಲೆ ಏರಿಸುವುದು ಹೀಗೆ. ನಮ್ಮಲ್ಲಿ ಕಾಮನ ಹಬ್ಬಕ್ಕೆ ಕಟ್ಟಿಗೆ, ಕುಳ್ಳು ಕದಿಯುತ್ತಿದ್ದ ಹಾಗೆ. ಈ ಮಾತು ಮೊದಮೊದಲು ಅಚ್ಚಿನಲ್ಲಿ ಕಾಣುವುದು ಕೆನಡಾದ ಪತ್ರಿಕೆಗಳಲ್ಲಿ. 1927ರಲ್ಲಿ ಆಲ್ಬರ್ಟಾದ ಬ್ಲ್ಯಾಕಿ ಎಂಬ ಊರಿನ ಸುದ್ದಿ ಅದರಲ್ಲಿ ಹೆಸರಾದದ್ದು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದಲ್ಲಿ ಸಕ್ಕರೆಗೆ ರೇಷನ್ ಬಂದು ಎಲ್ಲ ನಿಂತಿತು. 1947ರಲ್ಲಿ ರೇಷನ್ ಮುಗಿದ ಮೇಲೆ ಜೋರಾಗಿ ಹರಡಿತು.

ಡಬ್ಲಿನ್‌ನ ಹಳಬರು ಚಿಕ್ಕವರಿದ್ದಾಗ ಕೂಗುತ್ತಿದ್ದದ್ದು ಬೇರೆ. 'ಹ್ಯಾಲೋವೀನ್ ಪಾರ್ಟಿಗೆ ಸಹಾಯ ಮಾಡಿ' ಅನ್ನುತ್ತಿದ್ದರಂತೆ.

ಐರ್ಲೆಂಡ್‌ನಲ್ಲಿ ಆ ದಿನ ಊಟಕ್ಕೆ ಏನು?

ಮೊದಲು ಬಾರ್ಮ್‌ಬ್ರ್ಯಾಕ್. ಒಣದ್ರಾಕ್ಷಿ ಹಾಕಿ ಬೇಯಿಸಿದ ಸಿಹಿ ಬ್ರೆಡ್ಡು. ಐರಿಷ್ ಹೆಸರಿನ ಅರ್ಥ ಚುಕ್ಕೆ ಚುಕ್ಕೆಯ ರೊಟ್ಟಿ ಎಂದು. ಕೆಲವು ಮನೆಯಲ್ಲಿ ಹಣ್ಣನ್ನು ರಾತ್ರಿಯೆಲ್ಲ ಗಟ್ಟಿ ಚಹಾದ ಡಿಕಾಕ್ಷನ್‌ನಲ್ಲಿ ನೆನೆಸುತ್ತಾರೆ. ಅದರ ವಾಸನೆ ಇಡೀ ಮನೆ ತುಂಬುತ್ತದೆ. ಹಿಟ್ಟಿನೊಳಗೆ ಸಣ್ಣ ವಸ್ತುಗಳನ್ನು ಅಡಗಿಸಿಡುವುದು ಇದರ ವಿಶೇಷ. ಉಂಗುರ ಸಿಕ್ಕವರಿಗೆ ವರ್ಷದೊಳಗೆ ಮದುವೆ, ನಾಣ್ಯ ಸಿಕ್ಕವರಿಗೆ ದುಡ್ಡು, ಬಟ್ಟೆಚೂರು ಸಿಕ್ಕರೆ ಬಡತನ, ಬಟಾಣಿ ಸಿಕ್ಕರೆ ಆ ವರ್ಷ ಮದುವೆ ಇಲ್ಲ, ಕಡ್ಡಿ ಸಿಕ್ಕರೆ ಸಂಸಾರದಲ್ಲಿ ಜಗಳ. ಅಂಗಡಿಯದರಲ್ಲಿ ಈಗ ಉಂಗುರ ಮಾತ್ರ ಇರುತ್ತದೆ. ಚಿಕ್ಕ ಮಕ್ಕಳಿಗೆ ಕೊಡುವಾಗ ಚೂರು ಚೂರು ಮಾಡಿ ನೋಡಿ ಕೊಡಿ, ಉಂಗುರ ಗಂಟಲಿಗೆ ಸಿಕ್ಕೀತು.

ಆಮೇಲೆ ಕೋಲ್‌ಕ್ಯಾನನ್. ಬೇಯಿಸಿ ಹಿಸುಕಿದ ಆಲೂಗಡ್ಡೆಗೆ ಕೇಲ್ ಸೊಪ್ಪು ಅಥವಾ ಎಲೆಕೋಸು ಸೇರಿಸಿ, ನಡುವೆ ಗುಳಿ ಮಾಡಿ ಬೆಣ್ಣೆ ಹಾಕುತ್ತಾರೆ. ಮೊದಲು ನವೆಂಬರ್ 1ರ ಹಿಂದಿನ ದಿನ ಕ್ಯಾಥೊಲಿಕ್ಕರು ಮಾಂಸ ತಿನ್ನುತ್ತಿರಲಿಲ್ಲ. ಅದಕ್ಕೇ ಹಬ್ಬದೂಟ ಸಸ್ಯಾಹಾರ. ನಮ್ಮಂಥವರಿಗೆ ಇಷ್ಟು ಅನುಕೂಲದ ಹಬ್ಬ ಯುರೋಪಿನಲ್ಲಿ ಇನ್ನೊಂದಿಲ್ಲ.

ಮಕ್ಕಳ ಚೀಲಕ್ಕೆ ಸಿಪ್ಪೆ ಸಮೇತ ಕಡಲೆಕಾಯಿ ಹಾಕುವ ರೂಢಿಯೂ ಇದೆ. ಬಸವನಗುಡಿಯ ಪರಿಷೆ ನೆನಪಾಗಿ ನಾನು ಎಲ್ಲರಿಗಿಂತ ಮೊದಲು ಕೊಳ್ಳುತ್ತೇನೆ.

ಸೇಬಿನ ಆಟ, ಕನ್ನಡಿ ನೋಡೋದು ಇದೆಲ್ಲ ಏನು?

ಹೆಚ್ಚಿನವು ಮದುವೆಯ ಶಕುನಗಳು. ಒಲೆಯ ಮುಂದೆ ಎರಡು ಕಾಯಿಬೀಜ ಇಟ್ಟು ಅವಕ್ಕೆ ಹುಡುಗ ಹುಡುಗಿಯ ಹೆಸರಿಡುತ್ತಿದ್ದರು. ಎರಡೂ ತಣ್ಣಗೆ ಜೊತೆಯಲ್ಲೇ ಉರಿದರೆ ಒಳ್ಳೇ ಜೋಡಿ, ಒಂದು ಸಿಡಿದು ದೂರ ಹಾರಿದರೆ ಮುಗಿಯಿತು. ಕಣ್ಣು ಕಟ್ಟಿಕೊಂಡು ತೋಟದಲ್ಲಿ ಸೊಪ್ಪಿನ ಗಿಡ ಕೀಳುವುದು, ದಂಟು ನೆಟ್ಟಗಿದ್ದರೆ ಗಂಡ ನೆಟ್ಟಗೆ. ಸ್ಕಾಟ್ಲೆಂಡ್‌ನ ಕವಿ ರಾಬರ್ಟ್ ಬರ್ನ್ಸ್ 1785ರಲ್ಲಿ ಈ ರಾತ್ರಿಯ ಬಗ್ಗೆ ಬರೆದ ಉದ್ದದ ಪದ್ಯದಲ್ಲಿ ಇವೆಲ್ಲ ಬರುತ್ತವೆ. ನೀರಿನಲ್ಲಿ ತೇಲುವ ಸೇಬನ್ನು ಕೈ ಹಚ್ಚದೆ ಬಾಯಲ್ಲಿ ಹಿಡಿಯುವ ಆಟ ಇಂದಿಗೂ ಇದೆ.

ಮೆಕ್ಸಿಕೋದಲ್ಲಿ ಮಾಡೋದೂ ಇದೇ ಹಬ್ಬಾನಾ?

ಅಲ್ಲ. 'ಸತ್ತವರ ದಿನ' ನವೆಂಬರ್ 1 ಮತ್ತು 2ರಂದು ಬರುತ್ತದೆ. ಚರ್ಚಿನ ತಾರೀಕು ಮಾತ್ರ ಇಬ್ಬರಿಗೂ ಒಂದೇ. ಅಲ್ಲಿ ಹೆದರಿಸುವುದಿಲ್ಲ, ತೀರಿಹೋದ ಮನೆಯವರನ್ನು ಊಟ ಇಟ್ಟು, ಫೋಟೋ ಇಟ್ಟು ಕರೆಯುತ್ತಾರೆ. ಅವರಿಗೆ ದಾರಿ ತೋರಿಸಲು ಹರಡುವುದು ಚೆಂಡು ಹೂವು. ನಾವು ದಸರಾಕ್ಕೆ ಕಟ್ಟುವ ಅದೇ ಹೂವು, ಅದರ ತವರು ಮೆಕ್ಸಿಕೋ. ಮಹಾಲಯ ಅಮಾವಾಸ್ಯೆಗೆ ಹೋಲಿಕೆ ಬೇಕಿದ್ದರೆ ಇಲ್ಲಿ ಹುಡುಕಿ.

## ಮನೆಯವರ ಚಿಂತೆಗಳು

ಯಾರೋ ಕೊಟ್ಟ ಚಾಕಲೇಟಲ್ಲಿ ವಿಷ, ಬ್ಲೇಡು ಇರುತ್ತಂತೆ?

ಅಮೆರಿಕದಲ್ಲಿ ಜೋಯಲ್ ಬೆಸ್ಟ್ ಎಂಬ ಸಮಾಜಶಾಸ್ತ್ರಜ್ಞರು 1958ರಿಂದ ಈಚಿನ ಸುದ್ದಿಗಳನ್ನು ಹುಡುಕಿ ನೋಡಿದ್ದಾರೆ. ಗುರುತಿಲ್ಲದವರು ಕೊಟ್ಟ ಸಿಹಿಯಿಂದ ಮಗು ಸತ್ತದ್ದೋ, ದೊಡ್ಡ ಗಾಯವಾದದ್ದೋ ಒಂದೂ ಅವರಿಗೆ ಸಿಕ್ಕಿಲ್ಲ. 1974ರಲ್ಲಿ ಟೆಕ್ಸಸ್‌ನಲ್ಲಿ ಒಬ್ಬ ಹುಡುಗ ವಿಷದಿಂದ ಸತ್ತ. ಕೊಟ್ಟವನು ಹೆತ್ತ ಅಪ್ಪನೇ, ವಿಮೆಯ ದುಡ್ಡಿಗಾಗಿ.

ನಿಜವಾಗಿ ಹೆದರಬೇಕಾದದ್ದು ಕಾರುಗಳಿಗೆ. ಅಮೆರಿಕದ 1975ರಿಂದ 2016ರವರೆಗಿನ ಅಪಘಾತದ ದಾಖಲೆ ನೋಡಿದ ಅಧ್ಯಯನವೊಂದರ ಪ್ರಕಾರ, ಆ ಸಂಜೆ ರಸ್ತೆಯಲ್ಲಿ ನಡೆಯುವವರು ವಾಹನ ಬಡಿದು ಸಾಯುವ ಅಪಾಯ ಅದರ ಹಿಂದು ಮುಂದಿನ ವಾರದ ಸಂಜೆಗಳಿಗಿಂತ 43% ಜಾಸ್ತಿ. ಕಪ್ಪು ವೇಷಕ್ಕೆ ಹೊಳೆಯುವ ಪಟ್ಟಿ ಅಂಟಿಸಿ. ಕೈಗೆ ಟಾರ್ಚ್ ಕೊಡಿ. ಕಣ್ಣು ಮುಚ್ಚುವ ಮುಖವಾಡದ ಬದಲು ಮುಖಕ್ಕೆ ಬಣ್ಣ ಹಚ್ಚಿ. ಕಡಲೆಕಾಯಿ ಅಲರ್ಜಿ ಇರುವ ಮಕ್ಕಳ ಚೀಲ ಮನೆಗೆ ಬಂದ ಮೇಲೆ ನೋಡಿ.

ಇದು ನಮ್ಮ ಧರ್ಮದ್ದಲ್ಲ, ಮಕ್ಕಳನ್ನ ಕಳಿಸಬಹುದಾ?

ನಿಮ್ಮ ಮನೆಯ ತೀರ್ಮಾನ ನಿಮ್ಮದು. ಕ್ರೈಸ್ತರಲ್ಲೇ ಇದನ್ನು ಒಪ್ಪದವರು ಬಹಳ ಜನ ಇದ್ದಾರೆ. ಹಾಗಾಗಿ ಬೇಡ ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಬೀದಿಯಲ್ಲಿ ಇಂದು ನಡೆಯುವುದರಲ್ಲಿ ಪೂಜೆ ಇಲ್ಲ, ಪ್ರಾರ್ಥನೆಯೂ ಇಲ್ಲ. ನಾನು ನನ್ನ ಮಕ್ಕಳನ್ನು ಕಳಿಸುತ್ತೇನೆ. ವರ್ಷವಿಡೀ ಮುಚ್ಚಿರುವ ನೆರೆಮನೆ ಬಾಗಿಲುಗಳು ತೆರೆಯುವುದು ಆ ಒಂದು ಸಂಜೆ. ನಮ್ಮ ಬೀದಿಯ ಕೊನೇ ಮನೆಯ ಅಜ್ಜಿಯ ಪರಿಚಯ ನನಗೆ ಆದದ್ದೇ ಹಾಗೆ. ಈಗ ದೀಪಾವಳಿಗೆ ಅವರ ಮನೆಗೆ ಚಕ್ಕುಲಿ ಹೋಗುತ್ತದೆ.

ಹೊಸದಾಗಿ ಬಂದಿದ್ದೇವೆ. ಆ ಸಂಜೆ ನಾವೇನು ಮಾಡಬೇಕು?

ಮಕ್ಕಳು ಬರಲಿ ಅಂತಿದ್ದರೆ ಬಾಗಿಲಿನ ದೀಪ ಹಾಕಿ, ಒಂದು ಕುಂಬಳಕಾಯಿ ಇಡಿ. ಬೇಡ ಅಂದರೆ ದೀಪ ಆರಿಸಿ, ಯಾರೂ ತಟ್ಟುವುದಿಲ್ಲ. ಅಕ್ಟೋಬರ್ ಕೊನೇ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗಿರುತ್ತದೆ. ಡಬ್ಲಿನ್‌ನಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ, ಚಿಕ್ಕವರು ಆಗಲೇ ಬರುತ್ತಾರೆ. ಪೊಟ್ಟಣದ ಸಿಹಿ ಕೊಡಿ. ಮನೆಯಲ್ಲಿ ಮಾಡಿದ್ದನ್ನು ಗುರುತಿನವರಿಗೆ ಮಾತ್ರ.

ಈ ಹಳೇ ಜಾಗಗಳನ್ನ ಈಗಲೂ ನೋಡಬಹುದಾ?

ನೋಡಬಹುದು. ಟ್ಲಾಖ್ಟ್‌ಗಾ ಗುಡ್ಡ ಆತ್‌ಬೋಯ್ ಊರಿನ ಹತ್ತಿರ. ಜನಜಾತ್ರೆ ಬೇಕಿದ್ದರೆ ಉತ್ತರದ ಡೆರ್ರಿ ನಗರಕ್ಕೆ ಹೋಗಿ, ಊರಿಗೆ ಊರೇ ವೇಷ ಹಾಕಿಕೊಂಡು ಬೀದಿಗಿಳಿಯುತ್ತದೆ.

ನನ್ನನ್ನು ಕೇಳಿದರೆ ಒಂದೇ ಕಡೆ ಹೋಗಿ: ಕೌಂಟಿ ರಾಸ್‌ಕಾಮನ್‌ನ ರಾತ್‌ಕ್ರೋಹನ್. ಟಲ್ಸ್ಕ್ ಎಂಬ ಸಣ್ಣ ಊರಿನ ಕೇಂದ್ರದಲ್ಲಿ ವಿಚಾರಿಸಿದರೆ ಗೈಡ್ ಜೊತೆ ಕಳಿಸುತ್ತಾರೆ. ಅಲ್ಲಿ ಒಂದು ಹೊಲದ ಅಂಚಿನಲ್ಲಿ ಬೆಕ್ಕುಗಳ ಗುಹೆ ಎಂಬ ಹೆಸರಿನ ಬಿಲ ಇದೆ. ಸಾವಿನ್ ರಾತ್ರಿ ಭಯಂಕರ ಪ್ರಾಣಿಗಳು, ಹಕ್ಕಿಗಳು ಹೊರಬರುತ್ತಿದ್ದದ್ದು ಇದರೊಳಗಿಂದ ಎಂದು ಹಳೇ ಕಥೆಗಳು ಹೇಳುತ್ತವೆ. ಬಾಗಿಲು ಎಷ್ಟು ಚಿಕ್ಕದೆಂದರೆ ಕೂತು ಜಾರಿಕೊಂಡೇ ಒಳಗೆ ಹೋಗಬೇಕು. ತಲೆ ಮೇಲಿನ ಕಲ್ಲಿನಲ್ಲಿ ಓಘಮ್ ಎಂಬ ಗೀಟು ಗೀಟಿನ ಲಿಪಿಯಲ್ಲಿ 'ಮೇವ್‌ಳ ಮಗ ಫ್ರೇಖ್‌ನದು' ಎಂದು ಕೊರೆದಿದೆ. ಮುಂದೆ ಕೆಸರು, ಆಮೇಲೆ ಎತ್ತರದ ಕಿರಿದಾದ ಸುಣ್ಣಕಲ್ಲಿನ ಬಿರುಕು. ಗೈಡ್ ಎಲ್ಲರಿಗೂ ಟಾರ್ಚ್ ಆರಿಸಲು ಹೇಳಿದರು. ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ ಕತ್ತಲು. ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ನನ್ನ ಮಗಳು ಕತ್ತಲಲ್ಲೇ ತಡಕಾಡಿ ನನ್ನ ಕೈ ಹಿಡಿದುಕೊಂಡು, "ಇಲ್ಲಿಂದಾನೇ ಬರೋದಾ ಅಪ್ಪಾ ಅವೆಲ್ಲ?" ಅಂದಳು. ಹೌದು ಮಗಾ, ಇಲ್ಲಿಂದಲೇ ಅಂದೆ.